ಹೇಳಿದ್ದೇ ನೆನಪಿಲ್ಲದಿದ್ದರೆ ಪೂಜೆ ಸಂದಂತೆಯೇ?

ಪ್ರಶ್ನೆ: ನಾನು 47 ವರ್ಷದ ಗೃಹಿಣಿ. ಮದುವೆಯಾಗಿ ಬಂದಾಗಿನಿಂದ ದಿನವೂ ದೇವರಿಗೆ ದೀಪ ಹಚ್ಚಿ, ಲಲಿತಾ ಸಹಸ್ರನಾಮ ಹೇಳಿ, ನೈವೇದ್ಯ ಮಾಡಿ ಆಮೇಲೇ ಮನೆಯವರಿಗೆ ಬಡಿಸುವುದು ನನ್ನ ಪದ್ಧತಿ. ಎರಡು ವರ್ಷದಿಂದ ಒಂದು ತೊಂದರೆ ಹತ್ತಿಕೊಂಡಿದೆ. ಸಹಸ್ರನಾಮದ ಮಧ್ಯದಲ್ಲಿ ಒಂದು ನಾಮ ಬಿಟ್ಟುಹೋಯಿತೇನೋ ಅನ್ನಿಸುತ್ತದೆ. ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಓದಿದರೂ ಹಾಗೇ. ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ. ಒಂದು ಗಂಟೆಯಲ್ಲಿ ಮುಗಿಯುತ್ತಿದ್ದ ಪೂಜೆ ಈಗ ಮೂರು ಗಂಟೆ ಹಿಡಿಯುತ್ತದೆ. ನೈವೇದ್ಯ ತೋರಿಸಿದೆನೋ ಇಲ್ಲವೋ ನೆನಪಾಗದೆ ಬಡಿಸಲು ಕೈ ಬರುವುದಿಲ್ಲ, ಯಜಮಾನರು ಕಾದು ಕಾದು ಎಷ್ಟೋ ದಿನ ಹಾಗೇ ಆಫೀಸಿಗೆ ಹೋಗುತ್ತಾರೆ. ಮಗಳು ‘ಅಮ್ಮಾ, ಇದು ಓಸಿಡಿ, ಡಾಕ್ಟರ ಹತ್ತಿರ ಹೋಗೋಣ’ ಅಂತಾಳೆ. ನಮ್ಮತ್ತೆಯವರು ‘ಮನಸ್ಸು ಎಲ್ಲೋ ಇಟ್ಟು ಪೂಜೆ ಮಾಡಿದರೆ ಹೀಗೇ ಆಗೋದು’ ಅಂತಾರೆ. ಪರಿಚಯದ ಪುರೋಹಿತರು ದೋಷಪರಿಹಾರಕ್ಕೆ 11 ದಿನ ಹೆಚ್ಚಿಗೆ ಪಾರಾಯಣ ಮಾಡಿ ಎಂದರು. ಆ ಪಾರಾಯಣದಲ್ಲೂ ಅದೇ ಅನುಮಾನ ಬಂದು ಈಗ ಸಾಲ ಇನ್ನೂ ದೊಡ್ಡದಾಗಿದೆ. ಮಾಡಿದ್ದು ನೆನಪಿಲ್ಲದಿದ್ದರೆ ಆ ಪೂಜೆ ಸಲ್ಲುತ್ತದೆಯೇ? ನನಗೆ ಮರೆವಿನ ಕಾಯಿಲೆ ಶುರುವಾಗಿದೆಯೇ? ಮಾತ್ರೆ ಕೊಟ್ಟರೆ ಏಕಾದಶಿಯ ದಿನ ತೆಗೆದುಕೊಳ್ಳಬಹುದೇ? ದಯವಿಟ್ಟು ‘ದೋಷವಿಲ್ಲ’ ಎಂದು ಒಂದು ಮಾತು ಬರೆಯಿರಿ. ಅದನ್ನು ಕತ್ತರಿಸಿ ದೇವರ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ.
— ಹೆಸರು ಬೇಡ, ಬೆಂಗಳೂರು

ಉತ್ತರ: ತಾಯೀ, ನಿಮ್ಮ ಮೊದಲನೇ ಪ್ರಶ್ನೆ ಬಹಳ ಹಳೆಯದು. ಕರ್ಮ ಮಾಡುವ ಮನುಷ್ಯ ಮರೆಯುತ್ತಾನೆ, ತಡವರಿಸುತ್ತಾನೆ ಅನ್ನುವುದು ನಮ್ಮ ಹಿರಿಯರಿಗೆ ಗೊತ್ತಿಲ್ಲದ ವಿಷಯ ಅಲ್ಲ. ಅದಕ್ಕೆ ಅವರು ಮಾಡಿಟ್ಟ ವ್ಯವಸ್ಥೆ ನೋಡಿದರೆ ನೀವು ಮಾಡಿಕೊಂಡಿರುವ ವ್ಯವಸ್ಥೆಗಿಂತ ಎಷ್ಟೋ ದಯೆಯಿಂದ ಕೂಡಿದೆ.

ಯಜ್ಞದಲ್ಲಿ ಬ್ರಹ್ಮ ಎಂಬ ಒಬ್ಬ ಋತ್ವಿಜ ಇರುತ್ತಾನೆ. ಉಳಿದವರು ಮಂತ್ರ ಹೇಳುತ್ತಾ ಆಹುತಿ ಕೊಡುತ್ತಾ ಇದ್ದರೆ ಅವನು ಮೌನವಾಗಿ ಕೂತು ಎಲ್ಲವನ್ನೂ ಮನಸ್ಸಿನಿಂದಲೇ ಗಮನಿಸುತ್ತಾನೆ. ತಪ್ಪಾಯಿತೇ ಎಂದು ನೋಡಿಕೊಳ್ಳುವ ಭಾರವನ್ನು ಮಂತ್ರ ಹೇಳುವವನ ತಲೆಯ ಮೇಲೇ ಹೊರಿಸಿಲ್ಲ, ಗಮನಿಸಿದಿರಾ? ಹೇಳುವವನು ಹೇಳಬೇಕು, ಕಾಯುವವನು ಕಾಯಬೇಕು. ಇನ್ನು ತಪ್ಪು ಆಗಿಯೇ ಹೋಯಿತು ಅನ್ನಿ. ಛಾಂದೋಗ್ಯ ಉಪನಿಷತ್ತಿನ ನಾಲ್ಕನೇ ಅಧ್ಯಾಯದ ಕೊನೆಯಲ್ಲಿ ಅದಕ್ಕೂ ಪರಿಹಾರ ಹೇಳಿದೆ: ಋಕ್ಕಿನಲ್ಲಿ ಲೋಪವಾದರೆ ಗಾರ್ಹಪತ್ಯಾಗ್ನಿಯಲ್ಲಿ ಒಂದು ವ್ಯಾಹೃತಿಯ ಆಹುತಿ, ಯಜುಸ್ಸಿನಲ್ಲಾದರೆ ದಕ್ಷಿಣಾಗ್ನಿಯಲ್ಲಿ, ಸಾಮದಲ್ಲಾದರೆ ಆಹವನೀಯದಲ್ಲಿ. ಒಂದು ಆಹುತಿ, ಮುಂದೆ ನಡೆಯಬೇಕು. ಯಜ್ಞವನ್ನೇ ಮೊದಲಿನಿಂದ ಶುರು ಮಾಡಿ ಅಂತ ಅಲ್ಲಿ ಹೇಳಿಲ್ಲ. ಹಾಗೆ ಹೇಳಿದ್ದರೆ ಯಾವ ಯಜ್ಞವೂ ಮುಗಿಯುತ್ತಿರಲಿಲ್ಲ.

ನಮ್ಮ ಮನೆ ಪೂಜೆಗೆ ಬ್ರಹ್ಮನೂ ಇಲ್ಲ, ಮೂರು ಅಗ್ನಿಗಳೂ ಇಲ್ಲ. ಅದಕ್ಕೇ ಕೊನೆಯಲ್ಲಿ ಕ್ಷಮಾಪಣೆ ಇದೆ. ಮಂತ್ರದಲ್ಲೋ ಕ್ರಿಯೆಯಲ್ಲೋ ಭಕ್ತಿಯಲ್ಲೋ ಕೊರತೆಯಾಗಿದ್ದರೆ ಪೂರ್ಣವಾಗಲಿ ಎಂದು ದಿನವೂ ಬೇಡಿಕೊಳ್ಳುತ್ತೀರಿ. ಅಚ್ಯುತ, ಅನಂತ, ಗೋವಿಂದ ಎಂಬ ಮೂರು ನಾಮ ಹೇಳಿ ಮುಗಿಸುವ ಪದ್ಧತಿಯೂ ಇದೇ ಕೆಲಸಕ್ಕೆ. ಒಂದು ಸೂಕ್ಷ್ಮ ನೋಡಿ. ಯಾವ ತಪ್ಪು, ಎಷ್ಟನೇ ನಾಮ, ಎಷ್ಟು ಸಲ ಎಂದು ಪಟ್ಟಿ ಕೊಡಬೇಕು ಅಂತ ಆ ಪ್ರಾರ್ಥನೆಯಲ್ಲಿ ಷರತ್ತಿಲ್ಲ. ಗೊತ್ತಿರುವ ತಪ್ಪಿಗೆ ಎಷ್ಟು ಸಲ್ಲುತ್ತದೋ ಗೊತ್ತಿಲ್ಲದ ತಪ್ಪಿಗೂ ಅಷ್ಟೇ ಸಲ್ಲುತ್ತದೆ. ನೀವು ಅದನ್ನು ಹೇಳಿದ ಮೇಲೂ ಮತ್ತೆ ಮೊದಲಿಗೆ ಹೋಗುತ್ತೀರಿ ಅಂದರೆ ಆ ಪ್ರಾರ್ಥನೆಯನ್ನು ಸಹಸ್ರನಾಮದ ಬಾಲ ಅಂತ ಹೇಳುತ್ತಿದ್ದೀರಿ, ಅದರ ಅರ್ಥವನ್ನು ಮಾತ್ರ ಬಳಸಿಕೊಳ್ಳುತ್ತಿಲ್ಲ.

ಮೀಮಾಂಸಕರು ಇದನ್ನು ಇನ್ನೂ ಖಚಿತವಾಗಿ ಹೇಳಿದ್ದಾರೆ. ಜೈಮಿನಿಯ ಸೂತ್ರಗಳ ಆರನೇ ಅಧ್ಯಾಯದಲ್ಲಿ ಒಂದು ವಿಚಾರ ಬರುತ್ತದೆ: ಕರ್ಮದ ಎಲ್ಲ ಅಂಗಗಳನ್ನೂ ನಡೆಸಲಾಗದವನು ಕರ್ಮ ಮಾಡಬಹುದೇ? ತೀರ್ಮಾನ ಏನೆಂದರೆ, ಇಂಥದ್ದೇ ಫಲ ಬೇಕು ಎಂದು ಮಾಡುವ ಕಾಮ್ಯಕರ್ಮಕ್ಕೆ ಎಲ್ಲ ಅಂಗಗಳೂ ಬೇಕು. ದಿನವೂ ಮಾಡಬೇಕಾದ ನಿತ್ಯಕರ್ಮವನ್ನು ಯಥಾಶಕ್ತಿ ಮಾಡಿದರೆ ಸಾಕು. ನಿಮ್ಮ ಸಹಸ್ರನಾಮ ಪಾರಾಯಣ ಮಗಳ ಮದುವೆಗೋ ಮನೆ ಸಾಲಕ್ಕೋ ಹಿಡಿದ ವ್ರತ ಅಲ್ಲ, ಅನೇಕ ವರ್ಷಗಳಿಂದ ನಡೆದ ದಿನದ ಉಪಾಸನೆ. ಅದನ್ನು ನಿತ್ಯದ ಅಳತೆಯಿಂದಲೇ ನೋಡಬೇಕು ಎನ್ನುವುದು ನನ್ನ ಅಭಿಪ್ರಾಯ. ಈ ‘ಯಥಾಶಕ್ತಿ’ಯಲ್ಲಿ ಶಕ್ತಿ ಅಂದರೆ ಕೈಕಾಲಿನ ಶಕ್ತಿ, ದುಡ್ಡಿನ ಶಕ್ತಿ ಮಾತ್ರ ಅಲ್ಲ. ನೆನಪಿನ ಶಕ್ತಿಯೂ ಸೇರಿತು.

ಇಲ್ಲಿ ಯಾರಾದರೂ ಇಂದ್ರಶತ್ರುವಿನ ಕಥೆ ಎತ್ತುತ್ತಾರೆ. ಸ್ವರ ತಪ್ಪಿದ್ದಕ್ಕೆ ಇಂದ್ರನನ್ನು ಕೊಲ್ಲಬೇಕಾದವನು ತಾನೇ ಸತ್ತನಲ್ಲ ಅಂತ. ನಿಜ. ಆದರೆ ತ್ವಷ್ಟೃ ಮಾಡಿದ್ದು ಒಬ್ಬನನ್ನು ಕೊಲ್ಲುವುದಕ್ಕಾಗಿ ಮಾಡಿದ ಕರ್ಮ, ತಪ್ಪಿದ್ದು ವೇದಮಂತ್ರದ ಸ್ವರ. ನೀವು ಹೇಳುತ್ತಿರುವುದು ಬ್ರಹ್ಮಾಂಡ ಪುರಾಣದಿಂದ ಬಂದ ತಾಯಿಯ ಹೆಸರುಗಳು. ಎರಡಕ್ಕೂ ಒಂದೇ ಭಯ ಹಚ್ಚುವುದು ಅನ್ಯಾಯ.

ಹಾಗಾದರೆ ಮಾಡಿದ್ದು ನೆನಪಿರಬೇಕೇ? ಸಂಕಲ್ಪ ಇದೆ, ದ್ರವ್ಯ ಇದೆ, ಮಂತ್ರ ಇದೆ, ಕ್ರಿಯೆ ಇದೆ. ‘ಇದೆಲ್ಲ ಸರಿಯಾಗಿ ಆಯಿತು ಎಂಬ ಸ್ಪಷ್ಟ ಭಾವನೆ’ ಎನ್ನುವ ಅಂಗವನ್ನು ಯಾವ ಪ್ರಯೋಗದ ಪುಸ್ತಕವೂ ಹೇಳುವುದಿಲ್ಲ. ನೀವು ಹುಡುಕುತ್ತಿರುವುದು ಆ ಭಾವನೆಯನ್ನು. ಪೂಜೆ ಆದದ್ದು ಒಂದು, ಆಯಿತು ಎಂದು ಅನ್ನಿಸುವುದು ಇನ್ನೊಂದು. ಮೊದಲನೆಯದು ನಿಮ್ಮ ಕೈಲಿತ್ತು, ಮಾಡಿದಿರಿ. ಎರಡನೆಯದು ಬರಲಿಲ್ಲ, ಅಷ್ಟೇ.

ಯಾಕೆ ಬರಲಿಲ್ಲ ಅನ್ನುವುದು ನಿಮ್ಮ ಎರಡನೇ ಪ್ರಶ್ನೆಗೆ ಸೇರಿದ್ದು. ನಾನು ವೈದ್ಯನಲ್ಲ, ಮರೆವಿನ ಕಾಯಿಲೆ ಇದೆಯೋ ಇಲ್ಲವೋ ವೈದ್ಯರೇ ನೋಡಿ ಹೇಳಬೇಕು. ಆದರೆ ನಿಮ್ಮ ಪತ್ರವನ್ನೇ ನೋಡಿ. ಎರಡು ವರ್ಷದ ವಿವರ, ಪುರೋಹಿತರು ಹೇಳಿದ ದಿನದ ಲೆಕ್ಕ, ಅತ್ತೆಯವರ ಮಾತು, ಎಲ್ಲ ಅಚ್ಚುಕಟ್ಟಾಗಿ ನೆನಪಿದೆ. ಹೋಗಿರುವುದು ಒಂದೇ ಕಡೆ, ಯಾವುದು ಹೋಗಬಾರದು ಎಂದು ಅತಿಯಾಗಿ ಹೆದರುತ್ತೀರೋ ಅಲ್ಲಿ. ನಿಮ್ಮ ಮಗಳು ಹೇಳಿದ ಓಸಿಡಿಗೆ ಕನ್ನಡದಲ್ಲಿ ಗೀಳು ರೋಗ ಅಂತಾರೆ. ಅದನ್ನು ಅಧ್ಯಯನ ಮಾಡಿದವರು ಮತ್ತೆ ಮತ್ತೆ ಕಂಡಿರುವ ಒಂದು ಸಂಗತಿ ಇದು: ಈ ತೊಂದರೆ ಇರುವವರಲ್ಲಿ ನೆನಪು ಕುಗ್ಗಿರುವುದಕ್ಕಿಂತ ನೆನಪಿನ ಮೇಲಿನ ನಂಬಿಕೆ ಹೆಚ್ಚು ಕುಗ್ಗಿರುತ್ತದೆ.

2003ರಲ್ಲಿ ನೆದರ್ಲೆಂಡ್ಸಿನ ಇಬ್ಬರು ಸಂಶೋಧಕರು, ವಾನ್ ಡೆನ್ ಹೌಟ್ ಮತ್ತು ಕಿಂಟ್ ಎನ್ನುವವರು, ಒಂದು ಪ್ರಯೋಗ ಪ್ರಕಟಿಸಿದರು. ಗೃಹಿಣಿಯರಿಗೆ ತಟ್ಟನೆ ಅರ್ಥವಾಗುವಂಥದ್ದು. ಕಂಪ್ಯೂಟರ್ ಪರದೆಯ ಮೇಲೆ ಒಂದು ಗ್ಯಾಸ್ ಒಲೆ. ಯಾವ ಕಾಯಿಲೆಯೂ ಇಲ್ಲದ ಮಂದಿಯನ್ನು ಕೂರಿಸಿ ಬರ್ನರ್ ಹಚ್ಚಿ, ಆರಿಸಿ, ಆರಿದೆಯೇ ನೋಡಿ ಎಂದರು. ಒಂದು ಗುಂಪು ಹಾಗೆ ಮತ್ತೆ ಮತ್ತೆ ಒಲೆಯನ್ನೇ ಪರೀಕ್ಷಿಸಿತು. ಇನ್ನೊಂದು ಗುಂಪಿಗೆ ನಡುವೆ ಒಲೆಯ ಬದಲು ವಿದ್ಯುತ್ ದೀಪಗಳನ್ನು ಪರೀಕ್ಷಿಸುವ ಕೆಲಸ. ಕೊನೆಯಲ್ಲಿ ಇಬ್ಬರನ್ನೂ ಕೇಳಿದರು: ಕೊನೆಯ ಸಲ ಒಲೆಯಲ್ಲಿ ಯಾವ ಬರ್ನರುಗಳನ್ನು ನೋಡಿದಿರಿ? ಉತ್ತರ ಸರಿಯಿದ್ದುದರಲ್ಲಿ ಎರಡೂ ಗುಂಪು ಹೆಚ್ಚು ಕಡಿಮೆ ಒಂದೇ. ಆದರೆ ಒಲೆಯನ್ನೇ ಪದೇ ಪದೇ ನೋಡಿದವರಿಗೆ ಆ ನೆನಪು ಮಸುಕಾಗಿತ್ತು, ವಿವರ ಕಳೆದಿತ್ತು, ತಮ್ಮ ಉತ್ತರದ ಮೇಲೆ ತಮಗೇ ನಂಬಿಕೆ ಇರಲಿಲ್ಲ. ಆಮೇಲೆ ಬೇರೆಯವರು ನಿಜವಾದ ಒಲೆಯ ಮುಂದೆಯೂ ಮಾಡಿ ನೋಡಿದರು, ಆಗಲೂ ನಂಬಿಕೆ ಕುಸಿಯಿತು.

ಅಂದರೆ ಖಾತ್ರಿಗಾಗಿ ಮಾಡಿದ್ದೇ ಖಾತ್ರಿಯನ್ನು ತಿಂದಿತು. ಸೀರೆಯನ್ನು ದಿನಕ್ಕೆ ಹತ್ತು ಸಲ ಒಗೆದರೆ ಶುಭ್ರವಾಗುತ್ತದೆಯೇ, ಬಣ್ಣ ಹೋಗುತ್ತದೆ. ನೀವೇ ಬೇಕಾದರೆ ‘ಬದನೆಕಾಯಿ’ ಅಂತ ಐವತ್ತು ಸಲ ಬಿಡದೆ ಹೇಳಿ ನೋಡಿ. ಕೊನೆಗೆ ಅದು ಕನ್ನಡದ ಪದವೇ ಅಂತ ಅನುಮಾನ ಬರುತ್ತದೆ. ಮೂವತ್ತು ದಿನ ಮೂರು ಮೂರು ಸಲ ಹೇಳಿದ ಸಹಸ್ರನಾಮದಲ್ಲಿ ಇವತ್ತಿನ ಎರಡನೇ ಸಲದ ಒಂದು ನಾಮವನ್ನು ಬೇರೆ ಮಾಡಿ ನೆನೆಸಿಕೊ ಅಂದರೆ ಯಾರಿಗೆ ಸಾಧ್ಯ? ನೂರು ಬೊಟ್ಟಿನ ಮೇಲೆ ನೂರೊಂದನೇ ಬೊಟ್ಟು ಇಟ್ಟ ಹಾಗೆ. ಆಮೇಲೆ ತಲೆಯೆಲ್ಲ ಈ ಕಾವಲಿಗೇ ಹೋದರೆ ಬೇರೆ ಕೆಲಸಕ್ಕೆ ಏನು ಉಳಿಯುತ್ತದೆ? ಓದಿದ್ದು ತಲೆಗೆ ಹತ್ತುವುದಿಲ್ಲ, ಸಾರಿಗೆ ಉಪ್ಪು ಹಾಕಿದ್ದು ಗೊತ್ತಾಗುವುದಿಲ್ಲ, ಸಣ್ಣ ತೀರ್ಮಾನಕ್ಕೂ ಹೊತ್ತು ಹಿಡಿಯುತ್ತದೆ. ಅದನ್ನು ನೋಡಿ ‘ನನಗೆ ಅರಳುಮರಳು’ ಅಂತ ಇನ್ನೊಂದು ಹೆದರಿಕೆ.

ನಿಮ್ಮ ಅತ್ತೆಯವರಿಗೆ ಗೌರವಪೂರ್ವಕವಾಗಿ ಒಂದು ಮಾತು. ಸೊಸೆ ಮನಸ್ಸು ಎಲ್ಲೋ ಇಟ್ಟಿಲ್ಲ ಅಮ್ಮಾ. ಇರುವ ಮನಸ್ಸನ್ನೆಲ್ಲ ಅಲ್ಲೇ ಇಟ್ಟಿದ್ದಾಳೆ, ತಾಯಿಯ ಮುಖದ ಮೇಲೆ ಇಡುವ ಬದಲು ತನ್ನ ನಾಲಿಗೆಯ ಮೇಲೆ ಇಟ್ಟಿದ್ದಾಳೆ. ಬೈಗುಳದಿಂದ ಆ ಕಾವಲು ಇನ್ನೂ ಬಿಗಿಯಾಗುತ್ತದೆ. ಸಂಶಯಾತ್ಮನಿಗೆ ಉಳಿಗಾಲವಿಲ್ಲ ಎನ್ನುವ ಗೀತೆಯ ಮಾತನ್ನೂ ಇಂಥವರ ಮೇಲೆ ಎಸೆಯುವವರಿದ್ದಾರೆ. ಗೀತೆ ಅಲ್ಲಿ ಅಜ್ಞಾನಿ, ಶ್ರದ್ಧೆಯಿಲ್ಲದವನು ಎಂಬ ಮಾತುಗಳ ಜೊತೆಗೆ ಅದನ್ನು ಹೇಳಿದೆ. ಶ್ರದ್ಧೆಯಿಲ್ಲದವರು ಊಟ ಬಿಟ್ಟು ಮೂರು ಗಂಟೆ ದೇವರ ಮುಂದೆ ಕೂರುವುದಿಲ್ಲ.

ಆದರೂ ಅನುಮಾನಕ್ಕೆ ಎಲ್ಲಿ ತಡೆ ಹಾಕಬೇಕು ಎನ್ನುವುದನ್ನು ನಮ್ಮ ಶಾಸ್ತ್ರಕಾರರು ಯೋಚಿಸಿದ್ದಾರೆ. ಕುಮಾರಿಲ ಭಟ್ಟರ ವಾದ ಹೀಗೆ: ಬಂದ ಅರಿವು ತಾನಾಗಿಯೇ ಪ್ರಮಾಣ, ಅದನ್ನು ಸುಳ್ಳು ಮಾಡುವ ಬಾಧಕ ಎದುರಿಗೆ ಬಂದರೆ ಮಾತ್ರ ಬಿಡಬೇಕು. ಬಾರದ ಬಾಧಕವನ್ನು ‘ಬರಬಹುದು’ ಎಂದು ಕಲ್ಪಿಸಿಕೊಳ್ಳುತ್ತ ಕೂತವನು ಲೋಕದ ಯಾವ ವ್ಯವಹಾರದಲ್ಲೂ ಉಳಿಯಲಾರ. ಪರಿಶೀಲನೆ ಮೂರು ನಾಲ್ಕು ಅರಿವುಗಳನ್ನು ಮೀರಬೇಕಾಗಿಲ್ಲ ಎಂದೂ ಅವರು ಹೇಳಿದ್ದಾರೆ. (ಮೂರು ನಾಲ್ಕು ಅಂದರಲ್ಲ ಎಂದು ಅದನ್ನೇ ಹಿಡಿದುಕೊಂಡು ದಿನಾ ನಾಲ್ಕು ಸಲ ಹೇಳಬೇಡಿ. ಅದು ನಿಜವಾದ ಬಾಧಕ ಬಂದಾಗಿನ ಮಾತು.) ಪುಸ್ತಕ ನೋಡಿಕೊಂಡೇ ಓದಿದಿರಿ, ಹಾಳೆ ಮಗುಚಿದಿರಿ, ಕೊನೆಯ ಪುಟ ಬಂತು. ಬಿಟ್ಟುಹೋಯಿತು ಅನ್ನುವುದಕ್ಕೆ ಬಾಧಕ ಏನಿದೆ? ‘ಬಿಟ್ಟಿರಬಹುದು’ ಅನ್ನುವ ಕಲ್ಪನೆ ಒಂದೇ. ಕಲ್ಪನೆ ಬಾಧಕವಾಗುವುದಿಲ್ಲ.

ಶುದ್ಧಿಯ ವಿಷಯದಲ್ಲೂ ಮನುಸ್ಮೃತಿ ಇದೇ ಜಾಡಿನಲ್ಲಿದೆ. ಮೂರು ಬಗೆಯ ವಸ್ತುಗಳು ಶುದ್ಧ ಎಂದಿದ್ದಾರೆ: ಮೈಲಿಗೆಯಾದದ್ದನ್ನು ಯಾರೂ ಕಾಣದೆ ಇರುವುದು, ನೀರಿನಿಂದ ತೊಳೆದದ್ದು, ತಿಳಿದವರು ಬಾಯಿಮಾತಿನಲ್ಲಿ ‘ಶುದ್ಧ’ ಎಂದದ್ದು. ಕಾಣದ ಮೈಲಿಗೆಯನ್ನು ಹುಡುಕಿಕೊಂಡು ಹೋಗಬೇಡ ಅಂತ ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳಬೇಕು.

ಈ ಕಷ್ಟ ನಮ್ಮವರಿಗೆ ಮಾತ್ರ ಅಲ್ಲ. 16ನೇ ಶತಮಾನದ ಸ್ಪೇನಿನ ಇಗ್ನೇಷಿಯಸ್ ಲೊಯೋಲಾ ಎನ್ನುವ ಕ್ರೈಸ್ತ ಸಂತರು, ಹೇಳಿಕೊಂಡ ಪಾಪವನ್ನೇ ಪೂರ್ತಿ ಹೇಳಲಿಲ್ಲವೇನೋ ಎಂದು ಮತ್ತೆ ಮತ್ತೆ ಹೇಳಿಕೊಂಡು ಸಾಯುವ ಯೋಚನೆಯವರೆಗೂ ಹೋಗಿದ್ದರು. ಕೊನೆಗೆ ಹಳೆಯ ಪಾಪಗಳನ್ನು ಇನ್ನು ಎತ್ತುವುದೇ ಇಲ್ಲ ಎಂದು ತೀರ್ಮಾನ ಮಾಡಿ ಅದರಿಂದ ಹೊರಗೆ ಬಂದರು. ಮುಸಲ್ಮಾನರಲ್ಲಿ ನಮಾಜಿಗೆ ಮುಂಚೆ ಕೈಕಾಲು ತೊಳೆದದ್ದು ಸರಿಯಾಯಿತೋ ಇಲ್ಲವೋ ಎಂದು ತೊಳೆಯುತ್ತಲೇ ಇರುವವರ ಈ ಅನುಮಾನಕ್ಕೆ ‘ವಸ್‌ವಾಸ್’ ಎಂದು ಹೆಸರೇ ಇದೆ. ಅದಕ್ಕೆ ಕಿವಿಗೊಡಬೇಡ ಎಂದೇ ಅವರ ವಿದ್ವಾಂಸರೂ ಹೇಳುತ್ತಾರೆ. ದೇವರು ಬೇರೆ, ಭಾಷೆ ಬೇರೆ, ಕಾಟ ಒಂದೇ. ಹಾಗಾಗಿ ಇದು ನಿಮ್ಮ ಪೂಜೆಯ ದೋಷದಿಂದ ಹುಟ್ಟಿದ್ದು ಅನ್ನುವುದಕ್ಕೆ ಆಧಾರ ಇಲ್ಲ.

ಈಗ ನೀವು ಕೇಳಿದ ಆ ಒಂದು ಮಾತು. ದೋಷವಿಲ್ಲ. ಬರೆದಿದ್ದೇನೆ. ಇದನ್ನು ಕತ್ತರಿಸಿ ದೇವರ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಇಟ್ಟುಕೊಂಡರೆ ನಾಳೆ ಒಂದು ಸಲ ಓದುತ್ತೀರಿ, ನಾಡಿದ್ದು ನಾಲ್ಕು ಸಲ, ಆಮೇಲೆ ‘ಅವರು ನನ್ನ ವಿಷಯ ಪೂರ್ತಿ ತಿಳಿದುಕೊಂಡು ಬರೆದರೋ ಇಲ್ಲವೋ’ ಅಂತ ಶುರುವಾಗುತ್ತದೆ. ಸಹಸ್ರನಾಮದ ಜಾಗಕ್ಕೆ ನನ್ನ ಉತ್ತರ ಬಂದು ಕೂರುತ್ತದೆ, ಅಷ್ಟೇ ವ್ಯತ್ಯಾಸ. ಇದೇ ಪ್ರಶ್ನೆಯನ್ನು ನೀವು ಮತ್ತೆ ಬರೆದು ಕಳಿಸಿದರೆ ನಾನು ಉತ್ತರ ಬರೆಯುವುದಿಲ್ಲ. ಸಿಟ್ಟಿನಿಂದ ಅಂತ ತಿಳಿಯಬೇಡಿ. ನೊಂದವರು ಕೇಳಿದಾಗಲೆಲ್ಲ ಸಮಾಧಾನ ಹೇಳುವುದು ಧರ್ಮವಲ್ಲವೇ ಎಂದು ಕೇಳಬಹುದು. ಸಾಮಾನ್ಯವಾಗಿ ಹೌದು. ಆದರೆ ಹೇಳಿದಷ್ಟೂ ಹಸಿವು ಹೆಚ್ಚಿಸುವ ಸಮಾಧಾನವನ್ನು ಬಡಿಸುತ್ತಲೇ ಇರುವುದು ದಯೆ ಅಂತ ನನಗೆ ಅನ್ನಿಸುವುದಿಲ್ಲ. ಮನೆಯವರಿಗೂ ಇದೇ ಮಾತು. ‘ನೈವೇದ್ಯ ತೋರಿಸಿದೆನಾ ನೋಡಿದಿರಾ?’ ಎಂದು ಕೇಳಿದರೆ ಬೈಯಬೇಡಿ, ‘ಹೂಂ ತೋರಿಸಿದೆ’ ಎಂದು ಹತ್ತು ಸಲ ಸಾಕ್ಷಿಯನ್ನೂ ಹೇಳಬೇಡಿ. ‘ಇದಕ್ಕೆ ಉತ್ತರ ಹೇಳಲ್ಲ ಅಂತ ಮಾತಾಡ್ಕೊಂಡಿದೀವಲ್ಲ, ಬಾ ಊಟ ಮಾಡೋಣ’ ಅನ್ನಿ.

ಪುರೋಹಿತರು ಹೇಳಿದ 11 ದಿನದ ಪಾರಾಯಣ ಅಲ್ಲಿಗೇ ನಿಲ್ಲಿಸಿ. ಬೇರೆಯವರಿಗೆ ಅದು ಒಳ್ಳೆಯ ಸಲಹೆ ಇರಬಹುದು. ಇಲ್ಲಿ ಅದು ಉರಿಯುವ ಒಲೆಗೆ ಇನ್ನೊಂದು ಸೌದೆ. ಬಾಕಿ ಉಳಿದಿದ್ದಕ್ಕೆ ಏನು ಮಾಡಲಿ ಅಂತೀರಾ? ಏನೂ ಇಲ್ಲ.

ನಾಳೆಯಿಂದ ಒಂದೇ ಸಲ. ಬೆರಳಿಡದೆ, ಹಿಂದಿನ ಹಾಳೆಗೆ ಹೋಗದೆ. ಅನುಮಾನ ಬರುತ್ತದೆ, ಬರಲಿ; ಅದನ್ನು ಓಡಿಸಬೇಕಾಗಿಲ್ಲ, ಅದು ಹೇಳಿದ್ದನ್ನು ಮಾಡದಿದ್ದರೆ ಆಯಿತು. ಮೊದಮೊದಲು ಎದೆ ಹೊಡೆದುಕೊಳ್ಳುತ್ತದೆ. ಕೊನೆಯಲ್ಲಿ ಅರ್ಪಣ ಅಂತ ನೀರು ಬಿಡುತ್ತೀರಲ್ಲ, ಆಗ ಏನೇನು ಬಿಡುತ್ತೀರಿ ಎಂದು ಯೋಚಿಸಿದ್ದೀರಾ? ಪುಣ್ಯ ಬಿಡುತ್ತೀರಿ, ಫಲ ಬಿಡುತ್ತೀರಿ. ‘ಎಲ್ಲ ಸರಿಯಾಯಿತು’ ಎನ್ನುವ ನೆಮ್ಮದಿಯೂ ಒಂದು ಫಲವೇ ತಾನೆ? ಅದನ್ನು ಮಾತ್ರ ಮುಷ್ಟಿಯಲ್ಲಿ ಹಿಡಿದುಕೊಂಡು ಉಳಿದದ್ದನ್ನು ಬಿಟ್ಟರೆ ಅರ್ಪಣ ಅರ್ಧ. ಅನುಮಾನದ ಸಮೇತ ಎದ್ದು ಬಂದು, ಕೈ ನಡುಗುತ್ತಿದ್ದರೂ ಯಜಮಾನರಿಗೆ ಬಡಿಸಿ.

ಇದನ್ನು ಒಬ್ಬರೇ ಮಾಡುವುದು ಕಷ್ಟ, ಅದಕ್ಕೇ ಮಗಳ ಮಾತು ಕೇಳಿ. ಅನುಮಾನವನ್ನು ಎದುರಿಸಿ, ಪರಿಹಾರಕ್ಕೆ ಓಡದೆ ಕೂರುವುದನ್ನು ಹಂತಹಂತವಾಗಿ ಕಲಿಸುವ ಚಿಕಿತ್ಸೆಯೇ ಇದೆ, ಜೊತೆಗೆ ಮಾತ್ರೆಗಳಿವೆ. ಮಾತ್ರೆಯ ಗುಣ ಕಾಣಲು ಎಷ್ಟೋ ವಾರ ಬೇಕು, ಹದಿನೈದು ದಿನಕ್ಕೆ ‘ಏನೂ ಆಗಲಿಲ್ಲ’ ಅಂತ ಬಿಡಬೇಡಿ. ನಿಮ್ಮ ಊರಿನಲ್ಲೇ ನಿಮ್ಹಾನ್ಸ್ ಇದೆ, ಅಲ್ಲಿ ಓಸಿಡಿಗೇ ಪ್ರತ್ಯೇಕ ಕ್ಲಿನಿಕ್ ನಡೆಯುತ್ತದೆ. ಹೋಗುವ ಮುಂಚೆ ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

ಒಂದು ಅಳುಕು ನಿಮಗೆ ಇರಬಹುದು, ಇಂಥವರು ಹಿಂದೆಯೂ ಕೇಳಿದ್ದಾರೆ: ಡಾಕ್ಟರು ಪೂಜೆ ಬಿಡಿ ಎಂದರೆ? ಬೇಕೆಂದೇ ಒಂದು ನಾಮ ಬಿಡಿ ಎಂದರೆ? ಪೂಜೆಯನ್ನೇ ಬಿಡಿಸುವುದು ಅವರ ಉದ್ದೇಶ ಅಲ್ಲ, ಹಳೆಯ ಒಂದು ಗಂಟೆಯ ಪೂಜೆ ನಿಮಗೆ ವಾಪಸು ಸಿಗಬೇಕು ಅನ್ನುವುದು. ನಿಮಗೆ ಯಾವುದು ಒಪ್ಪುವುದಿಲ್ಲವೋ ಅದನ್ನು ಅವರ ಎದುರಿಗೇ ಬಿಚ್ಚಿ ಹೇಳಿ. ಬೇಕೆಂದೇ ಬಿಡುವುದಕ್ಕೆ ಮನಸ್ಸು ಒಪ್ಪದಿದ್ದರೆ ಪುಸ್ತಕವಿಲ್ಲದೆ ಬಾಯಿಪಾಠದಿಂದ ಹೇಳಿ, ಹೋದ ನಾಮ ಹೋಗಲಿ, ತಿದ್ದುವುದಿಲ್ಲ ಎಂದು ಒಪ್ಪಂದ ಮಾಡಿಕೊಳ್ಳಬಹುದು. ಅದರಲ್ಲಿ ದೇವಿಗೆ ಅವಮಾನ ಆಗುವಂಥದ್ದು ಏನೂ ನನಗೆ ಕಾಣುವುದಿಲ್ಲ. ಆದರೆ ‘ಶಾಸ್ತ್ರ ಒಪ್ಪಲ್ಲ’ ಎಂದು ಶಾಸ್ತ್ರವನ್ನೇ ಗುರಾಣಿ ಮಾಡಿಕೊಂಡು ಚಿಕಿತ್ಸೆಯಿಂದ ತಪ್ಪಿಸಿಕೊಳ್ಳಬೇಡಿ.

ಏಕಾದಶಿಯ ಮಾತ್ರೆಯ ವಿಷಯ. ವ್ರತಭಂಗ ಮಾಡದ ಎಂಟು ವಸ್ತುಗಳನ್ನು ಧರ್ಮಗ್ರಂಥಗಳು ಹೇಳುತ್ತವೆ: ನೀರು, ಗೆಡ್ಡೆಗೆಣಸು, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣರ ಇಚ್ಛೆಯನ್ನು ನಡೆಸಿಕೊಡುವುದು, ಗುರುವಿನ ಮಾತು, ಔಷಧ. ನಿಮ್ಮ ಮಾತ್ರೆ ಆ ಎಂಟರಲ್ಲಿ ಇದೆ. ಊಟದ ಮೇಲೆ ತೆಗೆದುಕೊಳ್ಳಬೇಕಾದ ಮಾತ್ರೆಯಾದರೆ ಆ ದಿನ ಹಾಲು ಹಣ್ಣಿನ ಜೊತೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ, ಒಂದೇ ಸಲ. ಆಗುವುದಿಲ್ಲ ಎಂದರೆ ಆ ಏಕಾದಶಿ ಊಟ ಮಾಡಿ.